ಯಂತ್ರಕ್ಕೆ ಸಂಖ್ಯೆಯ ಬಗೆಯನ್ನು ತಿಳಿಸುವುದೇಕೆ?

ಸರಳ ಲೋಲಕದ ಆವರ್ತಕಾಲವನ್ನು ಕಂಡುಹಿಡಿಯುವ ಸೂತ್ರವು ನಮ್ಮ ವಾಚಕರಿಗೆ ತಿಳಿದದ್ದೇ. ಈ ಲೆಕ್ಕವನ್ನು ‘ಸಿ’ ಭಾಷೆಯಲ್ಲಿ ಬರೆದು ಗಣಕಯಂತ್ರಕ್ಕೆ ಒಪ್ಪಿಸಿದೆವೆನ್ನೋಣ. ಇಂಥ ಲೆಕ್ಕದ ವಿಧಿಗೆ ಫಂಕ್ಷನ್ ಎಂದು ಹೆಸರು. ಅದು ನಮ್ಮಿಂದ ಪಡೆಯುವ ಲೋಲಕದ ಉದ್ದಕ್ಕೆ ಪ್ಯಾರಾಮೀಟರ್ ಎಂದು ಹೆಸರು. ಆ ಉದ್ದವು ಯಾವ ಬಗೆಯ ಸಂಖ್ಯೆಯೆಂಬುದನ್ನೂ ನಾವು ಘೋಷಿಸಬೇಕು. ಮೈಮರೆತು ‘ಇಂಟ್’, ಎಂದರೆ ಪೂರ್ಣಾಂಕ, ಎಂದು ಘೋಷಿಸಿ ೦.೯೮ ಮೀಟರ್ ಉದ್ದವನ್ನು ಕೊಟ್ಟರೆ ಉತ್ತರವು ಸೊನ್ನೆ! ದಶಮಾಂಶ ಬಿಂದುವಿನಿಂದಾಚೆಯದನ್ನು ಯಂತ್ರವು ಕತ್ತರಿಸಿಹಾಕಿರುತ್ತದೆ. ಸೊನ್ನೆ ಬಂದರೆ ಒಳ್ಳೆಯದೇ, ತಪ್ಪು ಕಣ್ಣಿಗೆ ಬೀಳುತ್ತದೆ. ಒಂದೂವರೆ ಮೀಟರಿನ ಲೋಲಕವಾದರೋ ೨.೪೬ ಸೆಕೆಂಡಿಗೆ ಬದಲು ೨.೦೧ ಸೆಕೆಂಡು ಎಂಬ ಉತ್ತರ ಬರುತ್ತದೆ. ಆಗ ವಿದ್ಯಾರ್ಥಿಯು ತನ್ನ ಸ್ಟಾಪ್ ವಾಚನ್ನೇ ಶಂಕಿಸಿಯಾನು.

ಹಾಗಾದರೆ ಈ ಘೋಷಣೆಯ ಗೊಡವೆಯಾದರೂ ಏಕೆ? ಯಂತ್ರದ ಸ್ಮೃತಿಯಲ್ಲಿರುವುದು ಸೊನ್ನೆ ಮತ್ತು ಒಂದುಗಳ ಸಾಲು ಮಾತ್ರ. ತಾನು ಎಂಥ ಸಂಖ್ಯೆಯೆಂದು ಆ ಸಾಲು ತಾನಾಗಿ ಹೇಳಲಾರದು. ಮೊದಲು ಎರಡು ಸೊನ್ನೆ, ಅನಂತರ ಏಳು ಒಂದು, ಕೊನೆಗೆ ಇಪ್ಪತ್ತಮೂರು ಸೊನ್ನೆ — ಈ ೩೨ ಬಿಟ್‌ಗಳ ಸಾಲನ್ನು, ೧೯೮೫ರಲ್ಲಿ ಗೊತ್ತುಪಡಿಸಿದ ಐಇಇಇ ೭೫೪ ಕ್ರಮದಂತೆ ದಶಮಾಂಶ ಸಂಖ್ಯೆಯಾಗಿ ಓದಿದರೆ ೧.೦ ಆಗುತ್ತದೆ. ಅದನ್ನೇ ಪೂರ್ಣಾಂಕವಾಗಿ ಓದಿದರೆ ೧೦೬ ಕೋಟಿ ೫೩ ಲಕ್ಷ ೫೩ ಸಾವಿರದ ೨೧೬!

ಕರ್ನಿಘನ್ ಮತ್ತು ರಿಚಿಯವರು ೧೯೭೮ರ ತಮ್ಮ ಗ್ರಂಥದಲ್ಲಿ ವಿವರಿಸಿದ ಸಿ ಭಾಷೆಯಲ್ಲಿ, ಪ್ಯಾರಾಮೀಟರಿನ ಬಗೆಯನ್ನು ಫಂಕ್ಷನ್ನನ್ನು ಬರೆಯುವಾಗ ಘೋಷಿಸುತ್ತಿದ್ದರು. ಆದರೆ ಅದನ್ನು ಬಳಸುವೆಡೆಗೆ ಆ ಸುದ್ದಿ ಮುಟ್ಟುತ್ತಿರಲಿಲ್ಲ. ವರ್ಗಮೂಲದ ಫಂಕ್ಷನ್ನಿಗೆ ೨ ಎಂಬ ಪೂರ್ಣಾಂಕವನ್ನು ಕಳುಹಿಸಿದರೆ ಅದು ಆ ಬಿಟ್‌ಗಳನ್ನೇ ದಶಮಾಂಶ ಸಂಖ್ಯೆಯೆಂದು ಭಾವಿಸಿ ಅರ್ಥವಿಲ್ಲದ ಉತ್ತರವನ್ನು ಕೊಡುತ್ತಿತ್ತು. ೧೯೮೯ರ ಅಮೆರಿಕದ ಪ್ರಮಾಣಕವು ಇದಕ್ಕೆ ಪರಿಹಾರವಾಗಿ ಪ್ರೊಟೊಟೈಪನ್ನು ತಂದಿತು. ಅದರಂತೆ ಫಂಕ್ಷನ್ನಿನ ಹೆಸರಿನ ಮುಂದಿನ ಆವರಣದೊಳಗೇ ಪ್ಯಾರಾಮೀಟರಿನ ಬಗೆಯನ್ನು ಮುಂಚಿತವಾಗಿ ಬರೆದಿಡುತ್ತೇವೆ. ಆಗ ಕಂಪೈಲರು, ಎಂದರೆ ನಮ್ಮ ಬರಹವನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನವು, ೨ನ್ನು ೨.೦ ಮಾಡಿಯೇ ಕಳುಹಿಸುತ್ತದೆ. ಘೋಷಣೆ ತಪ್ಪಾಗಿದ್ದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಪಾಲಿಸುತ್ತದೆ. ನಮ್ಮ ಲೋಲಕದ ಗತಿ ಹಾಗಾದದ್ದು ಅದರಿಂದಲೇ. ಹಳೆಯ ರೀತಿಯ ಬರವಣಿಗೆಯನ್ನು ೨೦೨೪ರಲ್ಲಿ ಪ್ರಕಟವಾದ ಪ್ರಮಾಣಕವು ತೆಗೆದೇ ಹಾಕಿದೆ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇನ್ನೊಂದು ಕೊರತೆ ಕಾಣುತ್ತದೆ. ದಶಮಾಂಶ ಸಂಖ್ಯೆಯೆಂದು ಘೋಷಿಸಿದ ಮಾತ್ರಕ್ಕೆ ಅದು ಮೀಟರೋ ಅಡಿಯೋ ತಿಳಿಯದು. ೧೯೯೯ರ ಸೆಪ್ಟೆಂಬರ್ ೨೩ರಂದು ಅಮೆರಿಕದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ನೌಕೆಯು ಮಂಗಳ ಗ್ರಹದ ಬಳಿ ನಾಶವಾಯಿತು. ಬಲ ಮತ್ತು ಕಾಲಗಳ ಗುಣಲಬ್ಧವನ್ನು ಒಂದು ಕ್ರಮವಿಧಿಯು ಪೌಂಡ್-ಸೆಕೆಂಡುಗಳಲ್ಲಿ ಕಡತಕ್ಕೆ ಬರೆದಿತ್ತು. ಮುಂದಿನ ಲೆಕ್ಕದಲ್ಲಿ ಅದನ್ನು ನ್ಯೂಟನ್-ಸೆಕೆಂಡುಗಳೆಂದು ಓದಲಾಯಿತು. ಅಂತರವು ಸುಮಾರು ೪.೪೫ ಪಟ್ಟು. ಸಂಖ್ಯೆಯ ಬಗೆಯಲ್ಲೇನೂ ದೋಷವಿರಲಿಲ್ಲ. ಎಫ್ ಶಾರ್ಪ್ ಎಂಬ ಭಾಷೆಯಲ್ಲಾದರೆ ಪ್ಯಾರಾಮೀಟರಿನ ಬಗೆಯೊಡನೆ ಅದರ ಏಕಮಾನವನ್ನೂ ಘೋಷಿಸಬಹುದು. ಮೀಟರ್ ಕೇಳಿದಲ್ಲಿ ಅಡಿಯನ್ನು ಕೊಟ್ಟರೆ ಕಂಪೈಲರು ಮುಂದೆ ಸಾಗಲು ಬಿಡುವುದಿಲ್ಲ.