ಸಕ್ಕರೆ ಕಾಯಿಲೆಯ ಗಂಡಸರು ಪಥ್ಯ ತಪ್ಪುವುದೇಕೆ?

ಮಾವನಲ್ಲ: ಸಕ್ಕರೆ ಕಾಯಿಲೆ, ಬಿ.ಪಿ. ಇರುವ ಗಂಡಸರನ್ನು ಏನು ತಿನ್ನಬಾರದು ಎಂದು ಕೇಳಿ ನೋಡಿ, ಪಟಪಟನೆ ಪಟ್ಟಿ ಒಪ್ಪಿಸುತ್ತಾರೆ. ತಮಿಳುನಾಡು ಸರ್ಕಾರ 2021ರ ಆಗಸ್ಟ್‌ನಲ್ಲಿ ಶುರು ಮಾಡಿದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಲ್ಲಿ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತವೆ. ಆದರೂ ಪಥ್ಯ ಮಾತ್ರ ನಿಲ್ಲುವುದಿಲ್ಲ. ಇದಕ್ಕೆ ಕಾರಣ ನಾಲಿಗೆಗಿಂತ ಹೆಚ್ಚಾಗಿ ಮನಸ್ಸಿನಲ್ಲಿದೆ.

ಮೊದಲನೆಯದು, ಈ ಕಾಯಿಲೆಗಳು ನೋಯುವುದಿಲ್ಲ. ಹಲ್ಲು ನೋವು ಬಂದವನು ಯಾರೂ ಹೇಳದೆಯೇ ಸಿಹಿ ಬಿಡುತ್ತಾನೆ. ಸಕ್ಕರೆ ಏರಿದವನಿಗೆ ಇಂದು ಏನೂ ಆಗುವುದಿಲ್ಲ, ಕಣ್ಣು, ಮೂತ್ರಪಿಂಡ, ಪಾದಗಳಿಗೆ ಪೆಟ್ಟು ಬೀಳುವುದು ವರ್ಷಗಳ ಮೇಲೆ. ಜೊತೆಗೆ 'ಬೆಳಿಗ್ಗೆ ಮಾತ್ರೆ ನುಂಗಿದ್ದೇನಲ್ಲ' ಎಂಬ ಧೈರ್ಯ ಬೇರೆ!

ಎರಡನೆಯದು ಟೀ ಅಂಗಡಿ. ನಾಲ್ಕು ಜನರ ನಡುವೆ 'ಸಕ್ಕರೆ ಇಲ್ಲದ ಟೀ ಕೊಡಿ' ಎಂದರೆ ಕಾಯಿಲೆ ಊರಿಗೆಲ್ಲ ಗೊತ್ತಾಗುತ್ತದೆ, ಕೆಲಸಕ್ಕೆ ಆಗದವನು ಎಂದುಕೊಂಡಾರು ಎಂಬ ಅಳುಕು. ಗೆಳೆಯರು ಕೊಡಿಸಿದ ಬೋಂಡಾ ಬೇಡವೆಂದರೆ ಗೆಳೆತನವನ್ನೇ ಬೇಡವೆಂದ ಹಾಗೆ. ಮನೆಯಲ್ಲಿ ಹೆಂಡತಿ ಎಷ್ಟು ಎಚ್ಚರದಿಂದ ಅಡುಗೆ ಮಾಡಿದರೂ ಇಲ್ಲಿ ಹತ್ತು ನಿಮಿಷದಲ್ಲಿ ಎಲ್ಲ ನೀರುಪಾಲು. ಅಂದ ಹಾಗೆ, ಮನೆಯವರು ಕಾವಲು ಕಾದು ಬೈದರೆ ಗಂಡಸಿಗೆ ಹಠ ಹೆಚ್ಚುವುದೇ ಜಾಸ್ತಿ. ತಟ್ಟೆಗೆ ಎಷ್ಟು ಅನ್ನ ಎಂದು ತಾನೇ ತೀರ್ಮಾನಿಸಿದವನು ಅದನ್ನು ಹೆಚ್ಚು ದಿನ ಪಾಲಿಸುತ್ತಾನೆ.

ಇನ್ನು ಅನ್ನದ ಮಾತು. ಹಿಂದೆ ಈ ಸೀಮೆಯಲ್ಲಿ ರಾಗಿ ದಿನದ ಊಟ, ಅನ್ನ ಹಬ್ಬದ ಊಟ. ರೇಷನ್ ಅಕ್ಕಿ ಬಂದ ಮೇಲೆ ಅನ್ನ ದಿನದ ಊಟವಾಯಿತು, ಆದರೆ ಅದರ ಮರ್ಯಾದೆ ಹಾಗೇ ಉಳಿಯಿತು. ಮೈಮುರಿದು ದುಡಿಯುವವನಿಗೆ ಅನ್ನ ಕಡಿಮೆ ಬಡಿಸಿದರೆ ಬಲವೇ ಕಡಿಮೆಯಾದಂತೆ ಅನಿಸುತ್ತದೆ. 2023ರ ಮೇ ತಿಂಗಳಲ್ಲಿ ನೀಲಗಿರಿ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ಪ್ರಾಯೋಗಿಕವಾಗಿ ಕಾರ್ಡಿಗೆ 2 ಕಿಲೋ ಅಕ್ಕಿಯ ಬದಲು ರಾಗಿ ಕೊಡಲು ಆರಂಭಿಸಲಾಯಿತು. ಒಳ್ಳೆಯದೇ. ಆದರೆ ರಾಗಿ ಔಷಧಿಯಲ್ಲ. ಎರಡು ದೊಡ್ಡ ಮುದ್ದೆ ನುಂಗಿದರೂ, ನುಣ್ಣನೆ ಹಿಟ್ಟಿನ ಗಂಜಿ ಕುಡಿದರೂ ಸಕ್ಕರೆ ಏರುತ್ತದೆ. ಮುದ್ದೆ ಚಿಕ್ಕದಿರಲಿ, ಸೊಪ್ಪು, ಕಾಳಿನ ಸಾರು ಹೆಚ್ಚಿರಲಿ.

ಮದುವೆ ಮನೆಯಲ್ಲಿ ಒಂದು ಲಾಡು ತಿಂದು, 'ಹೇಗೂ ಕೆಟ್ಟಿತು, ನಾಳೆಯಿಂದ ನೋಡೋಣ' ಎಂದು ಪಾಯಸಕ್ಕೂ ಕೈ ಹಾಕುವುದು ಮತ್ತೊಂದು ಬಲೆ. ತಪ್ಪಿದ್ದು ಒಂದು ಲಾಡು, ಇಡೀ ದಿನವಲ್ಲ.

ಇದಕ್ಕೆ ಮನಶ್ಶಾಸ್ತ್ರಜ್ಞರು ಹೇಳುವ ಉಪಾಯ ಸರಳ. 'ಇನ್ನು ಮೇಲೆ ಸರಿಯಾಗಿ ತಿನ್ನುತ್ತೇನೆ' ಎಂಬ ಸಂಕಲ್ಪ ಸಾಲದು, ಸಂದರ್ಭ ಬಂದಾಗ ಏನು ಮಾಡುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳಬೇಕು. ಜರ್ಮನಿಯ ಪೀಟರ್ ಗೋಲ್‌ವಿಟ್ಜರ್ 1999ರಲ್ಲಿ ಇದನ್ನು ವಿವರವಾಗಿ ಬರೆದರು. ಉದಾಹರಣೆಗೆ, 'ಯಾರಾದರೂ ಬೋಂಡಾ ಕೊಡಿಸಿದರೆ ಈಗಷ್ಟೇ ಊಟ ಆಯಿತು ಎನ್ನುತ್ತೇನೆ'. ಟೀ ಅಂಗಡಿಯವರಿಗೆ ಒಮ್ಮೆ ಏಕಾಂತದಲ್ಲಿ ಹೇಳಿಟ್ಟರೆ, ದಿನವೂ ಎಲ್ಲರೆದುರು ಹೇಳುವ ಪ್ರಮೇಯವೇ ಇಲ್ಲ. ಇನ್ಸುಲಿನ್ ಅಥವಾ ಸಕ್ಕರೆ ಮಾತ್ರೆ ತೆಗೆದುಕೊಳ್ಳುವವರು ಮಾತ್ರ ವೈದ್ಯರನ್ನು ಕೇಳದೆ ಊಟ ಬಿಡಬಾರದು, ಸಕ್ಕರೆ ದಿಢೀರನೆ ಇಳಿದು ತಲೆ ಸುತ್ತಿ ಬೀಳುವ ಅಪಾಯವಿದೆ.

ಎಷ್ಟೋ ಸಲ ಸೋಮಾರಿತನ ಎಂದು ಬೈಸಿಕೊಳ್ಳುವುದು ಖಿನ್ನತೆಯಾಗಿರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಇತರರಿಗಿಂತ ಹೆಚ್ಚು. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಆರೋಗ್ಯ ಕೇಂದ್ರದಲ್ಲಿ ಹೇಳಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೋ ತಮಿಳಿನಲ್ಲೋ ಮಾತನಾಡಬಹುದು.