ತಂತ್ರಾಂಶಕಾರನ ಪ್ರತಿಫಲವಿಚಾರ

ಒಬ್ಬಂಟಿಯಾಗಿ ತಂತ್ರಾಂಶವನ್ನು ರಚಿಸುವವನು ಅದಕ್ಕೆ ಬೆಲೆ ಕಟ್ಟಬೇಕೆ, ಬಳಸುವವರ ದಾನವನ್ನು ನಂಬಿರಬೇಕೆ ಎಂಬ ಪ್ರಶ್ನೆಯು ಸಾಹಿತ್ಯಾಭ್ಯಾಸಿಗಳಿಗೆ ದೂರದ್ದೆಂದು ತೋರಬಹುದು. ಹಾಗಲ್ಲ. ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಹೊರತಂದ ‘ಬರಹ’ವು ಬಹುಕಾಲ ಉಚಿತವಾಗಿ ದೊರೆಯುತ್ತಿದ್ದು, ಅನಂತರದ ಆವೃತ್ತಿಗಳಿಗೆ ಬೆಲೆ ನಿಗದಿಯಾಯಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯಾದರೋ ಸರ್ಕಾರದ ಆಶ್ರಯದಿಂದ ಉಚಿತವಾಗಿ ಹಂಚಲ್ಪಟ್ಟಿತು, ಅದರ ಕೀಲಿಮಣೆಯ ವಿನ್ಯಾಸವು ಕೆ. ಪಿ. ರಾವ್ ಅವರದು. ಯೂನಿಕೋಡು ರೂಢಿಯಾಗುವ ಮುನ್ನ ಇಂತಹ ಸಾಧನಗಳಲ್ಲಿ ಸಿದ್ಧವಾದ ಪ್ರಬಂಧಗಳೆಷ್ಟೋ! ಆಯಾ ಅಕ್ಷರಮಾದರಿಯಾಗಲಿ ಪರಿವರ್ತಕವಾಗಲಿ ಇಲ್ಲವಾದರೆ ಅವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುವುವು.

ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುದು ಸುಪ್ರಸಿದ್ಧ. ದಾನಪಕ್ಷದವರು ಈ ನಿದರ್ಶನವನ್ನು ಎತ್ತಬಹುದು. ಆದರೆ ಅಲ್ಲಿ ವೆಚ್ಚವು ಪ್ರತಿ ಮಾಡುವುದರಲ್ಲಿತ್ತು. ಇಲ್ಲಿ ಪ್ರತಿಗೆ ವೆಚ್ಚವೇ ಇಲ್ಲ, ತಿದ್ದುತ್ತಿರುವುದಕ್ಕೆ ಉಂಟು. ಓಲೆಗರಿಯು ಶತಮಾನಗಳು ಬಾಳೀತು. ತಂತ್ರಾಂಶವು ಯಂತ್ರ ಬದಲಾದಂತೆಲ್ಲ ಕೆಡುವುದು. ಒಮ್ಮೆಯ ಔದಾರ್ಯ ಇದಕ್ಕೆ ಸಾಲದು. ಅಂತರ್ಜಾಲದ ಬಹುಭಾಗದ ಗೋಪ್ಯತೆಯನ್ನು ಕಾಯುತ್ತಿದ್ದ ‘ಓಪನ್ ಎಸ್‌ಎಸ್‌ಎಲ್’ಗೆ ವರ್ಷಕ್ಕೆ ಬರುತ್ತಿದ್ದ ದಾನ ಸುಮಾರು 2000 ಡಾಲರು ಮಾತ್ರ, 2014ರಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಬಯಲಾದ ಮೇಲೆಯೇ ದೊಡ್ಡ ಸಂಸ್ಥೆಗಳು ಕೈಬಿಚ್ಚಿದುವು.

ಬೆಲೆಯಿಟ್ಟರೆ ಮುಕ್ತತೆಗೆ ಲೋಪವೆಂಬ ಭಯವೂ ಸಲ್ಲದು. ಮುಕ್ತ ತಂತ್ರಾಂಶದ ಪ್ರವರ್ತಕರಾದ ರಿಚರ್ಡ್ ಸ್ಟಾಲ್‌ಮನ್ನರೇ 1985ರಲ್ಲಿ ‘ಈಮ್ಯಾಕ್ಸ್’ನ ಟೇಪನ್ನು 150 ಡಾಲರಿಗೆ ಮಾರುತ್ತಿದ್ದರು. ವಿದ್ಯಾರ್ಥಿಗಳಿಗೂ ಶಾಲೆಗಳಿಗೂ ಉಚಿತವಾಗಿ ಕೊಟ್ಟು, ಮುದ್ರಣಾಲಯಗಳಿಂದಲೂ ಪ್ರಕಾಶಕರಿಂದಲೂ ನೆರವು ದುರಸ್ತಿಗಳಿಗಾಗಿ ವಾರ್ಷಿಕ ಬೆಲೆಯನ್ನು ಪಡೆಯುವುದು ಯುಕ್ತ. ಮೂಲಸಂಕೇತವು ಮಾತ್ರ ಬಹಿರಂಗವಾಗಿರಬೇಕು. ರಚಿಸಿದವನು ಕೈಬಿಟ್ಟರೂ ಹಳೆಯ ಕಡತಗಳನ್ನು ತೆರೆಯಲು ಇನ್ನೊಬ್ಬನಿಗೆ ಆಗ ದಾರಿಯುಳಿಯುವುದು.