ರಣರಂಗದಿಂದ ಮರಳಿದ ಮನಸ್ಸು

ತರಗತಿಯಲ್ಲಿ ವೀರರಸವನ್ನು ಪಾಠ ಹೇಳುವಾಗ, ಅದರ ಸ್ಥಾಯಿಭಾವ ಉತ್ಸಾಹವೆಂದು ತಿಳಿಸಿ ಮುಂದೆ ಸಾಗುವುದು ನನ್ನ ವಾಡಿಕೆ. ಯುದ್ಧ ಮುಗಿದು, ಕಹಳೆಗಳು ನಿಂತು, ಯೋಧನು ತನ್ನ ಮನೆಯ ಹಾಸಿಗೆಯಲ್ಲಿ ಒರಗಿದ ಮೇಲೆ ಆ ಉತ್ಸಾಹದ ಗತಿಯೇನು? ಈ ಪ್ರಶ್ನೆಯನ್ನು ನಾನು ಬಹುಕಾಲ ಕೇಳಿಕೊಂಡಿರಲಿಲ್ಲ.

ಅದನ್ನು ನನ್ನಲ್ಲಿ ಎಬ್ಬಿಸಿದವರು ರಿವರ್ಸ್ ಎಂಬ ಆಂಗ್ಲ ವೈದ್ಯರು. ನೀಲಗಿರಿಯ ತೋಡರ ನಡುವೆ ಕೆಲಸಮಾಡಿ, 1906ರಲ್ಲಿ ಅವರನ್ನು ಕುರಿತು ದೊಡ್ಡ ಗ್ರಂಥವನ್ನು ಪ್ರಕಟಿಸಿದವರೂ ಇವರೇ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಇವರು ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ಬರುತ್ತಿದ್ದ ಸೇನಾಧಿಕಾರಿಗಳು ನಡುಗುತ್ತಿದ್ದರು, ತೊದಲುತ್ತಿದ್ದರು, ನಿದ್ರೆಗೆ ಅಂಜುತ್ತಿದ್ದರು. 1915ರಲ್ಲಿ ಮೈಯರ್ಸ್ ಎಂಬ ವೈದ್ಯರ ಲೇಖನದಿಂದ ಈ ವ್ಯಾಧಿಗೆ 'ಶೆಲ್ ಶಾಕ್' ಎಂಬ ಹೆಸರು ವೈದ್ಯಲೋಕದಲ್ಲಿ ಬಳಕೆಗೆ ಬಂದಿತ್ತು. ಸಿಡಿಗುಂಡಿನ ಹೊಡೆತವೇ ಕಾರಣವೆಂದು ಮೊದಲು ಊಹಿಸಿದರು. ಸಿಡಿತದ ಸಮೀಪದಲ್ಲಿಲ್ಲದವರಲ್ಲೂ ಅದು ಕಾಣಿಸಿಕೊಂಡಿತು. ಇದು ಬರಿಯ ಹೇಡಿತನವೆಂದವರೂ ಇದ್ದರು. ಪಲಾಯನ, ಹೇಡಿತನ ಮುಂತಾದ ಅಪರಾಧಗಳಿಗಾಗಿ ಬ್ರಿಟಿಷ್ ಸೈನ್ಯವು ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ದೊರೆತದ್ದು 2006ರಲ್ಲಿ!

1918ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ರಿವರ್ಸ್ ಒಬ್ಬ ಅಧಿಕಾರಿಯ ವೃತ್ತಾಂತವನ್ನು ಹೇಳಿದ್ದಾರೆ. ಗೆಳೆಯನನ್ನು ಹುಡುಕುತ್ತ ಹೋದ ಆತನಿಗೆ ಕಂಡದ್ದು ಛಿದ್ರವಾಗಿ ಬಿದ್ದಿದ್ದ ದೇಹ. ಅಂದಿನಿಂದ ಆ ಗೆಳೆಯ ವಿಕಾರರೂಪದಲ್ಲಿ ಇರುಳಿರುಳೂ ಕನಸಿನಲ್ಲಿ ಬರತೊಡಗಿದ. ಎಲ್ಲವನ್ನೂ ಮರೆತುಬಿಡೆಂದು ಹಿತೈಷಿಗಳು ಬೋಧಿಸಿದ್ದರು. ಹಗಲು ಅದುಮಿಟ್ಟದ್ದು ರಾತ್ರಿ ತಲೆಯೆತ್ತುತ್ತಿತ್ತು. ರಿವರ್ಸ್ ಮರೆಯಲು ಹೇಳಲಿಲ್ಲ. ದೇಹದ ಆ ಸ್ಥಿತಿಯೇ ಗೆಳೆಯನು ನರಳದೆ ಒಂದೇ ಕ್ಷಣದಲ್ಲಿ ತೀರಿಕೊಂಡನೆಂಬುದಕ್ಕೆ ಸಾಕ್ಷಿಯಲ್ಲವೆ ಎಂದರು. ಕೆಲವು ದಿನಗಳ ಮೇಲೆ ಕನಸು ಮತ್ತೆ ಬಂತು. ಈ ಸಲ ಆತ ಬೆಚ್ಚಲಿಲ್ಲ. ಗೆಳೆಯನ ಪಕ್ಕದಲ್ಲಿ ಮೊಣಕಾಲೂರಿ, ಮನೆಯವರಿಗೆ ತಲುಪಿಸಬೇಕಾದ ವಸ್ತುಗಳನ್ನು ಆಯ್ದುಕೊಂಡ. ಎಚ್ಚರವಾದಾಗ ಉಳಿದಿದ್ದುದು ಶೋಕ, ಭೀತಿಯಲ್ಲ.

ಇದನ್ನೋದಿದಾಗ ನಾನು ಪುಸ್ತಕವನ್ನು ಮುಚ್ಚಿ ಸುಮ್ಮನೆ ಕುಳಿತೆ. ಭಯವೂ ಜುಗುಪ್ಸೆಯೂ ಕರಗಿ ಶೋಕವಾದದ್ದೇ ಇಲ್ಲಿ ಚಿಕಿತ್ಸೆ. ರನ್ನನ 'ಗದಾಯುದ್ಧ'ದಲ್ಲಿ ಹೆಣಗಳ ನಡುವೆ ನಡೆಯುವ ದುರ್ಯೋಧನನು ತನ್ನವರನ್ನು ಒಬ್ಬೊಬ್ಬರನ್ನಾಗಿ ಕಂಡು ವಿಲಪಿಸುವುದನ್ನು ಪರೀಕ್ಷೆಗಾಗಿ ಎಷ್ಟೋ ಸಲ ಬೋಧಿಸಿದ್ದೇನೆ. ಆ ವಿಲಾಪವು ದೌರ್ಬಲ್ಯವಲ್ಲ, ಮನಸ್ಸು ಒಡೆಯದಂತೆ ಕಾಯುವ ಕಟ್ಟೆ ಎಂದು ಈಗ ತೋರುತ್ತದೆ.

ಆದರೆ ಈ ಚಿಕಿತ್ಸೆಗೂ ಒಂದು ಕ್ರೂರವಾದ ಕೊನೆಯಿತ್ತು. ಗುಣವಾದವನು ಮತ್ತೆ ರಣರಂಗಕ್ಕೆ ಹೋಗಬೇಕಾಗಬಹುದು. ಅದೇ ಆಸ್ಪತ್ರೆಯಲ್ಲಿ ಬ್ರಾಕ್ ಎಂಬ ಇನ್ನೊಬ್ಬ ವೈದ್ಯರ ಆರೈಕೆಯಲ್ಲಿದ್ದ ಕವಿ ವಿಲ್ಫ್ರೆಡ್ ಓವೆನ್ ಚೇತರಿಸಿಕೊಂಡು ಮರಳಿದ. 1918ರ ನವೆಂಬರ್ 4ರಂದು ಮಡಿದ. ಒಂದು ವಾರ ಕಳೆದಿದ್ದರೆ ಯುದ್ಧವೇ ಮುಗಿಯುತ್ತಿತ್ತು.

ಅದೇ ವರ್ಷದ ಸೆಪ್ಟೆಂಬರ್ 23ರಂದು ಹೈಫಾ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಪಡೆಯ ಸವಾರರು ತೋರಿದ ಪರಾಕ್ರಮವನ್ನು ನಾನು ಅಭಿಮಾನದಿಂದ ವಿದ್ಯಾರ್ಥಿಗಳಿಗೆ ಹೇಳುತ್ತ ಬಂದಿದ್ದೇನೆ. ಊರಿಗೆ ಹಿಂತಿರುಗಿದ ಆ ಸವಾರರ ನಿದ್ರೆಯ ವಿಚಾರವನ್ನು ಒಮ್ಮೆಯೂ ಎತ್ತಿದವನಲ್ಲ. ಈ ವರ್ಷ ವೀರರಸದ ಪಾಠವನ್ನು ಅಲ್ಲಿಂದಲೇ ಆರಂಭಿಸಬೇಕೆಂದಿದ್ದೇನೆ.